ಹೊಡೆಯಲೊಂದು ಮಡ್‌ಗಾರ್ಡ್

ಜೂನ್ 7, ಶನಿವಾರ

ಬೆಳಿಗ್ಗೆ ಭಾವಮೈದ ಒಂದು ಜೀಪನ್ನು ಲಾರಿಗೆ ಕಟ್ಟಿ ಎಳೆದುಕೊಂಡು ಬಂದು ನಮ್ಮ ಶೆಡ್ಡಿನ ಮುಂದೆ ಬಿಟ್ಟ. ಜೀಪು ಎಂದದ್ದು ಮರ್ಯಾದೆಗೆ. ನಾಲ್ಕು ಚಕ್ರಗಳಿವೆ, ಒಂದರಲ್ಲೂ ಗಾಳಿಯಿಲ್ಲ. ಸೀಟಿನ ಸ್ಪಂಜಿನೊಳಗೆ ಇಲಿ ಸಂಸಾರ ಹೂಡಿದೆ. ನಾನು ಹುಟ್ಟುವುದಕ್ಕೂ ಮೊದಲಿನ ಗಾಡಿ. ಕಲ್ಲುಗಣಿಯಲ್ಲಿ ದುಡಿದು ದುಡಿದು ಕೊನೆಗೆ ಅವನ ಗುಜರಿ ಅಂಗಡಿಯ ಮೂಲೆ ಸೇರಿತ್ತು.

“ಭಾವ, ಇದನ್ನ ರೆಡಿ ಮಾಡೋಣ. ಶನಿವಾರ, ಭಾನುವಾರ ನಾನೂ ಬರ್ತೀನಿ,” ಎಂದ. “ಕೈಗೆ ಕೆಲ್ಸ ಇದ್ರೆ ಕೈ ಸುಮ್ನಿರುತ್ತೆ.”

ಚುಚ್ಚಿದ್ದು ಗೊತ್ತಾಯಿತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಪ್ಲಾಸ್ಟರ್ ಹಾಕಿದ ಎಡಗೈಯನ್ನು ಎದೆಗೆ ಒತ್ತಿಕೊಂಡು. ಊರಿಗೆಲ್ಲ ಕಾಣುವ ಹಾಗೇ ನಿಲ್ಲುತ್ತಾಳೆ. ಆದದ್ದಿಷ್ಟೆ: ಮಾತಿಗೆ ಮಾತು ಬೆಳೆಯಿತು, ನನ್ನ ಕೈ ತಾಗಿತು, ಅವಳು ಹೊಸ್ತಿಲ ಮೇಲೆ ಬಿದ್ದಳು. ಮೂಳೆ ಬಿರುಕು ಬಿಟ್ಟದ್ದು ಹೊಸ್ತಿಲಿನಿಂದ. ಆದರೆ ಹೊಸ್ತಿಲನ್ನು ಯಾರೂ ಬೈಯುವುದಿಲ್ಲ.

ಭಾವಮೈದ ನನ್ನ ಅಮ್ಮನ ಎದುರಿಗೇ ಒಪ್ಪಂದ ಹೇಳಿದ. ಜೀಪು ಊರಾಚೆಯ ಕಲ್ಲುಗಣಿಯ ಏರನ್ನು ತನ್ನ ಬಲದಲ್ಲೇ ಹತ್ತುವ ತನಕ ಅವನ ಅಕ್ಕ ಇಲ್ಲೇ ಇರುತ್ತಾಳೆ. ಅಷ್ಟರೊಳಗೆ ಅವಳ ಮೇಲೆ ಒಂದೇ ಒಂದು ಸಲ ಕೈ ಎತ್ತಿದರೂ ಅವತ್ತೇ ಕರೆದುಕೊಂಡು ಹೋಗುತ್ತಾನೆ.

“ಎತ್ತದೇ ಇದ್ರೆ?” ಎಂದೆ.

“ಅದನ್ನ ಅಕ್ಕನ್ನೇ ಕೇಳಿ.”

ಕೇಳಿದೆ. ಅವಳು ತುಟಿ ಬಿಚ್ಚಲಿಲ್ಲ. ಅಂದರೆ ಒಪ್ಪಿಗೆ. “ನನ್ ಮಗ ಸಿಟ್ಟಿನವನು ಅಷ್ಟೇ, ಕೆಟ್ಟವನಲ್ಲ,” ಎಂದು ಅಮ್ಮ ಗೋಡೆಗೆ ಹೇಳಿದಳು.

ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರಿನ ಒತ್ತಡ ಗಂಟೆಗೊಮ್ಮೆ ಬರೆದಿಡುವುದು ನನ್ನ ಕೆಲಸ. ಇನ್ನು ಮೇಲೆ ನನ್ನದನ್ನೂ ಬರೆಯುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಜೂನ್ 8, ಭಾನುವಾರ

ಒಂದು ನಟ್ಟು ಬಿಚ್ಚಲು ಅರ್ಧ ದಿನ. ಎಲ್ಲಾ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿವೆ. ಸುತ್ತಿಗೆಯಲ್ಲಿ ಬಡಿದೆ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಿದೆ. ಸ್ಪ್ಯಾನರ್ ಜಾರಿತು. ಗೆಣ್ಣುಗಳ ಚರ್ಮ ಅಷ್ಟೂ ಕಿತ್ತುಬಂತು. ತುಕ್ಕಿಗೂ ರಕ್ತಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲ.

ಮೈಯೆಲ್ಲ ಉರಿದು ಸ್ಪ್ಯಾನರನ್ನು ಬೀಸಿ ಒಗೆದೆ. ಅಡುಗೆಮನೆಯ ಕಿಟಕಿಗೆ ಹೋಗಿ ಬಡಿಯಿತು. ಗಾಜು ಪುಡಿಪುಡಿ. ಮರುಕ್ಷಣವೇ ಒಳಗಿನಿಂದ ಚಿಲಕ ಹಾಕಿದ ಸದ್ದು.

ನನಗೆ ಅರ್ಥವಾಗುವುದಿಲ್ಲ. ನಾನು ಹೊಡೆದದ್ದು ಗಾಜಿಗೆ. ಇವಳು ಯಾಕೆ ಚಿಲಕ ಹಾಕಬೇಕು? ಬಾಗಿಲು ತಟ್ಟಿ ಅದನ್ನೇ ಕೇಳಿದೆ. ಸ್ವಲ್ಪ ಜೋರಾಗಿಯೇ ತಟ್ಟಿದೆನೋ ಏನೋ. ಸಂಜೆಯವರೆಗೂ ತೆಗೆಯಲಿಲ್ಲ.

ಜೂನ್ 14, ಶನಿವಾರ

ಭಾವಮೈದ ಒಡೆದ ಕಿಟಕಿ ನೋಡಿದ. ಜೀಪಿನ ಎಡಗಡೆಯ ಮಡ್‌ಗಾರ್ಡ್ ಬಿಚ್ಚಿದ. ಅದು ಹೇಗೂ ತೂತು ಬಿದ್ದದ್ದು, ಹೊಸದು ಹಾಕಬೇಕು. ಹಳೆಯದನ್ನು ಶೆಡ್ಡಿನ ತೊಲೆಗೆ ಸರಪಳಿಯಲ್ಲಿ ನೇತುಹಾಕಿ ನನ್ನ ಕೈಗೆ ಸುತ್ತಿಗೆ ಕೊಟ್ಟ.

“ಭಾವ, ಸಿಟ್ಟು ಬಂತು ಅಂದ್ರೆ ಸೀದಾ ಇಲ್ಲಿಗೆ ಬನ್ನಿ. ಇದಕ್ಕೆ ಬಿಡಿ. ಎಷ್ಟ್ ಬೇಕೋ ಅಷ್ಟು ಬಿಡಿ. ಇದಕ್ಕೆ ನೋವೂ ಇಲ್ಲ, ತಮ್ಮನೂ ಇಲ್ಲ.”

ನಗು ಬಂತು. ಆದರೂ ಒಂದು ಏಟು ಹಾಕಿ ನೋಡಿದೆ. ತಗಡು ಗಣಗಣ ಎಂದಿತು, ಸರಪಳಿ ಕುಣಿಯಿತು. ಇನ್ನೊಂದು ಹಾಕಿದೆ. ಆಹಾ. ಇಷ್ಟು ದಿನ ಇದು ಎಲ್ಲಿತ್ತು?

ಮಧ್ಯಾಹ್ನ ಊಟದಲ್ಲಿ ಕೂದಲು ಸಿಕ್ಕಿತು. ಸಿಟ್ಟು ನೆತ್ತಿಗೇರಿತು. ಎದ್ದು ಹೋದೆ, ಮಡ್‌ಗಾರ್ಡನ್ನು ಚಚ್ಚಿದೆ, ಕೈ ತೊಳೆದು ಬಂದು ಕೂತೆ. ಹೆಂಡತಿ ಸೌಟು ಹಿಡಿದು ಹಾಗೇ ನಿಂತಿದ್ದಳು.

“ಅನ್ನ ಆರೋಯ್ತು. ಬಿಸಿ ಮಾಡ್ಲಾ?” ಎಂದಳು.

ನೋಡಿ, ಎಷ್ಟು ಸಲೀಸು! ಒಂದು ಹಳೇ ತಗಡಿನಿಂದ ಮನೆಯಲ್ಲಿ ಶಾಂತಿ. ಅಮ್ಮನದು ಮಾತ್ರ ಒಂದು ಕೊಂಕು ಇದ್ದೇ ಇರುತ್ತದೆ: “ನೀನು ಅಲ್ಲಿ ಹೊಡೆದಾಗೆಲ್ಲ ಇವಳ ಭುಜ ಇಲ್ಲಿ ಅದುರುತ್ತೆ ಕಣೋ.” ಅದುರಿದರೆ ನಾನೇನು ಮಾಡಲಿ? ಏಟು ಬೀಳುವುದು ತಗಡಿಗೆ.

ಜೂನ್ 28, ಶನಿವಾರ

ಬಲಗಿವಿಯಲ್ಲಿ ಗುಂಯ್ ಎನ್ನುತ್ತಿದೆ. ಬರೆಯಲು ಕೂತರೆ ಕತ್ತು ತಿರುಗಿಸಲಾಗುತ್ತಿಲ್ಲ.

ಗೇರ್‌ಬಾಕ್ಸ್ ಕೂರಿಸುತ್ತಿದ್ದೆವು. ನಾನು ಕೆಳಗೆ ಮಲಗಿ ಎದೆಯ ಮೇಲೆ ಅದರ ಭಾರ ಹೊತ್ತಿದ್ದೆ, ಭಾವಮೈದ ಮೇಲಿನಿಂದ ಬೋಲ್ಟ್ ತೂರಿಸುತ್ತಿದ್ದ. ಅವನ ಕೈ ತಪ್ಪಿ ಗೇರ್‌ಬಾಕ್ಸ್ ವಾಲಿ ನನ್ನ ಪಕ್ಕೆ ನಜ್ಜಾಯಿತು. ಕಿರುಚಿದೆ. “ಎತ್ತೋ, ಎತ್ತು!” ಎಂದೆ.

ಎತ್ತಿದ. ಎತ್ತುತ್ತಾ ಕೇಳಿದ: “ಅವತ್ತು ಅಕ್ಕ ಬಿದ್ದಾಗ ಯಾರು ಭಾವ ಎತ್ತಿದ್ದು?”

ಹೊರಗೆ ತೆವಳಿ ಬಂದವನೇ ಮುಖಕ್ಕೆ ಗುದ್ದಿದೆ. ಮೂಗು ಲಟಕ್ ಎಂದಿತು. ಒಪ್ಪಂದದಲ್ಲಿ ಅವನ ಮೂಗಿನ ಮಾತು ಇರಲಿಲ್ಲ. ಅವನು ಟೈರಿನ ಪಟ್ಟಿ ಎತ್ತಿಕೊಂಡು ಕಿವಿಯ ಮೇಲೆ ಬಿಟ್ಟ. ಇಬ್ಬರೂ ಗ್ರೀಸಿನಲ್ಲಿ ಹೊರಳಾಡಿದೆವು. ಅವನ ಕೂದಲು ಹಿಡಿದು ತಲೆಯನ್ನು ಬಂಪರಿಗೆ ಕುಟ್ಟಿದೆ. ಅವನು ಕಚ್ಚಿದ. ವಯಸ್ಸು ಅವನ ಕಡೆ ಇತ್ತು, ಕೊನೆಗೆ ನನ್ನ ಎದೆಯ ಮೇಲೆ ಕೂತು ಜಾಕಿಯ ರಾಡನ್ನು ಗಂಟಲಿಗೆ ಅಡ್ಡ ಒತ್ತಿ ಹಿಡಿದ. ಅವನ ಮೂಗಿನ ರಕ್ತ ನನ್ನ ಬಾಯಿಗೆ ತೊಟ್ಟಿಕ್ಕುತ್ತಿತ್ತು.

“ಉಸಿರಾಡಿ ನೋಡೋಣ ಭಾವ. ಹಾಂ? ಆಗಲ್ವಾ? ನೀವು ಗೇಟು ತೆಗೆದ ಸದ್ದು ಕೇಳಿದ್ರೆ ಅಕ್ಕಂಗೆ ದಿನಾ ಹೀಗೇ ಆಗುತ್ತೆ.”

ಕಣ್ಣು ಕತ್ತಲೆಗಟ್ಟಿತು. ಸತ್ತೆ ಎಂದುಕೊಂಡೆ. ಆಗ ಹೆಂಡತಿ ಒಂದು ಚೊಂಬು ನೀರು, ಬಟ್ಟೆ ಹಿಡಿದು ಹೊರಗೆ ಬಂದಳು. “ಏಳೋ, ಸಾಕು,” ಎಂದಳು ತಮ್ಮನಿಗೆ. ಎದ್ದ. ಅವನ ಮೂಗು ತೊಳೆದಳು, ಒರೆಸಿದಳು. ಉಳಿದ ನೀರನ್ನು ಗಿಡಕ್ಕೆ ಚೆಲ್ಲಿ ಒಳಗೆ ಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಇಬ್ಬರೂ ಸೇರಿ ಗೇರ್‌ಬಾಕ್ಸ್ ಕೂರಿಸಿದೆವು. ಒಬ್ಬರಿಂದ ಆಗುವ ಕೆಲಸವಲ್ಲ ಅದು.

ಜುಲೈ 5, ಶನಿವಾರ

ಇವತ್ತು ಇಂಜಿನ್ ಚಾಲೂ ಆಯಿತು. ಕಪ್ಪು ಹೊಗೆ ಉಗುಳಿ, ಕೆಮ್ಮಿ, ಕೊನೆಗೆ ಗುಡುಗಿತು. ಖುಷಿಗೆ ಭಾವಮೈದನನ್ನು ತಬ್ಬಿಕೊಂಡೆ. ಅವನು ಗಟ್ಟಿಯಾಗಿ ತಬ್ಬಲಿಲ್ಲ.

ಮಧ್ಯಾಹ್ನ ಶೆಡ್ಡಿನಲ್ಲಿ ಟಣ್ ಟಣ್ ಸದ್ದು. ನಾನಂತೂ ಜೀಪಿನ ಕೆಳಗಿದ್ದೇನೆ, ಮತ್ತೆ ಯಾರು? ಹೋಗಿ ನೋಡಿದರೆ ಅಮ್ಮ! ಊರುಗೋಲಿನಲ್ಲಿ ಮಡ್‌ಗಾರ್ಡಿಗೆ ಬಾರಿಸುತ್ತಿದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಹಲ್ಲಿಲ್ಲದ ಬಾಯಿ ಬಿಗಿದಿದ್ದಾಳೆ.

“ಏನಮ್ಮಾ ಇದು?”

“ಇದು ನಿಮ್ಮಪ್ಪಂಗೆ ಕಣೋ,” ಎಂದಳು, ನಿಲ್ಲಿಸದೆ. “ಬದುಕಿದ್ದಾಗ ಕೈಗೆ ಸಿಗಲಿಲ್ಲ.”

ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆಂಡತಿಯನ್ನೂ ಕರೆದು ತೋರಿಸಿದೆ. ಅವಳು ನಗಲಿಲ್ಲ, ಅಮ್ಮನ ಬೆವರು ಒರೆಸಿ ಒಳಗೆ ಕರೆದುಕೊಂಡು ಹೋದಳು. ಇಬ್ಬರೂ ಅಡುಗೆಮನೆಯಲ್ಲಿ ಬಹಳ ಹೊತ್ತು ಪಿಸಪಿಸ ಮಾತಾಡಿದರು. ಅತ್ತೆ ಸೊಸೆ ಹೀಗೆ ಒಂದಾದದ್ದು ಕೂಡ ನನ್ನ ಜೀಪಿನಿಂದಲೇ.

ಜುಲೈ 13, ಭಾನುವಾರ

ಗುರುವಾರ ಹೆಂಡತಿಯ ಪ್ಲಾಸ್ಟರ್ ಬಿಚ್ಚಿದರು. ಕೈ ಬಿಳಿಚಿಕೊಂಡಿದೆ, ಸಣ್ಣಗಾಗಿದೆ. ಇವತ್ತು ಶೆಡ್ಡಿಗೆ ಬಂದಳು.

“ರೀ, ನಾನೂ ಹೊಡೀಲಾ?”

“ಹೊಡಿ ಹೊಡಿ, ಮನೆಮಂದಿಯೆಲ್ಲ ಆಗಿದೆ, ನೀನೊಬ್ಬಳು ಯಾಕೆ ಬಾಕಿ?” ಎಂದು ಚಿಕ್ಕ ಸುತ್ತಿಗೆ ಕೊಟ್ಟೆ. ಅವಳು ಅದನ್ನು ಪಕ್ಕಕ್ಕಿಟ್ಟು ದೊಡ್ಡದನ್ನೇ ಎತ್ತಿಕೊಂಡಳು.

ಮೊದಲ ಏಟು ಜಾರಿ ಹೋಯಿತು. “ಹಾಗಲ್ಲ ಕಣೇ, ಮಣಿಕಟ್ಟಲ್ಲ, ಭುಜದಿಂದ ಬೀಸು,” ಎಂದು ತೋರಿಸಿಕೊಟ್ಟೆ. ಎರಡನೆಯದು ಸರಿಯಾಗಿ ಬಿತ್ತು. ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ತುಕ್ಕಿನ ಹಕ್ಕಳೆ ಅವಳ ತಲೆಗೆ, ಮುಖಕ್ಕೆ ಉದುರಿತು. ಉಸಿರು ಕಟ್ಟಿ ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು, ಅಳುವಲ್ಲ. ಮಡ್‌ಗಾರ್ಡಿನ ಅಂಚು ಹರಿಯಿತು. “ಸಾಕು ಕಣೇ, ಕೈ ಇನ್ನೂ ಹಸಿ ಇದೆ,” ಎಂದೆ. ಕೇಳಿಸಲಿಲ್ಲ. “ಸಾಕು ಅಂದ್ನಲ್ಲ!” ಎಂದೆ. ಆಗ ತಿರುಗಿ ನೋಡಿದಳು, ಸುತ್ತಿಗೆ ಎತ್ತಿದ್ದದ್ದು ಎತ್ತಿದ್ದ ಹಾಗೇ.

ನನಗೆ ಹೆಮ್ಮೆಯಾಯಿತು. ಇಂಥ ಜೋರು ಅವಳಲ್ಲಿದೆ ಎಂದು ಗೊತ್ತೇ ಇರಲಿಲ್ಲ. ಆದರೆ ನಾನು ಯಾವಾಗ ಬಾಗಿಲಿನವರೆಗೂ ಹಿಂದೆ ಸರಿದಿದ್ದೆನೋ ತಿಳಿಯದು. ಬೆನ್ನಿಗೆ ಚೌಕಟ್ಟು ತಾಗಿದಾಗಲೇ ಗೊತ್ತಾದದ್ದು.

ಜುಲೈ 19, ಶನಿವಾರ

ಹೆಂಡತಿಗೆ ಜೀಪಿನ ಮೇಲೆ ಆಸೆ ಹುಟ್ಟಿದೆ. “ಈ ಸೀಟು ಮುಂದಕ್ಕೆ ಬರಲ್ವಾ? ಕಾಲು ಎಟುಕಲ್ಲ,” ಎಂದಳು. ಹೊಸ ಗಾಡಿಯೊಂದರ ಸೀಟಿನ ಹಳಿ ತಂದು ಬೆಳಿಗ್ಗೆಯಿಡೀ ಕೂತು ವೆಲ್ಡ್ ಮಾಡಿದೆ. ಈಗ ಹಿಂದೆ ಮುಂದೆ ಸರಿಯುತ್ತದೆ. ಬ್ರೇಕೂ ಹೊಸದು ಹಾಕಿದ್ದೇವೆ, ಹಳೆಯದರ ಹಾಗೆ ಎದ್ದು ನಿಂತು ತುಳಿಯಬೇಕಾಗಿಲ್ಲ.

ಸಂಜೆ ಫ್ಯಾಕ್ಟರಿ ಹಿಂದಿನ ಬಯಲಿನಲ್ಲಿ ಓಡಿಸಲು ಕಲಿಸಿದೆ. ಕ್ಲಚ್ ಬಿಡು ಎಂದರೆ ಬಿಡುವುದಿಲ್ಲ, ಬಿಟ್ಟರೆ ಪಟ್ಟನೆ ಬಿಡುತ್ತಾಳೆ. ಜೀಪು ಕುಪ್ಪಳಿಸಿ ಆಫ್ ಆಗುತ್ತದೆ. ಮತ್ತೆ. ಮತ್ತೆ. ತಲೆ ಕೆಟ್ಟುಹೋಯಿತು. ಕೈ ಎದ್ದಿತು. ಅವಳು ಕಣ್ಣು ಮುಚ್ಚಿದಳು. ಕೈಯನ್ನು ಹೇಗೋ ತಿರುಗಿಸಿ ಡ್ಯಾಶ್‌ಬೋರ್ಡಿಗೆ ಬಿಟ್ಟೆ. ಮೀಟರಿನ ಗಾಜು ಒಡೆದು ಅಂಗೈಗೆ ಹೊಕ್ಕಿತು.

ಅವಳು ಕೀಲಿ ತೆಗೆದುಕೊಂಡು ಇಳಿದು ಮನೆ ಕಡೆ ನಡೆದೇಬಿಟ್ಟಳು. ಒಪ್ಪಂದ ಮುರಿಯಿತೇ? ಹೋಗಿಬಿಡುತ್ತಾಳೆಯೇ? ರಕ್ತ ಸುರಿಯುವ ಕೈ ಹಿಡಿದುಕೊಂಡು ಹಿಂದೆ ಓಡಿದೆ.

“ಡ್ಯಾಶ್‌ಬೋರ್ಡಿಗೆ ಕಣೇ ಹೊಡೆದದ್ದು! ನಿನಗಲ್ಲ!”

“ನೋಡಿದೆ,” ಎಂದಳು.

ಇನ್ನು ಮುಂದೆ ತಮ್ಮ ಕಲಿಸುತ್ತಾನಂತೆ. ಕಲಿಸಲಿ. ನನಗೆ ಭಯವಾದದ್ದು ನಿಜ. ಅವಳಿಲ್ಲದ ಮನೆಯನ್ನು ನೆನೆಯಲೂ ಆಗುವುದಿಲ್ಲ.

ಜುಲೈ 26, ಶನಿವಾರ

ನಿನ್ನೆ ಫ್ಯಾಕ್ಟರಿಯಲ್ಲಿ ಹಮಾಲಿಯೊಬ್ಬ ಐಸ್ ಗಡ್ಡೆ ಕೈಬಿಟ್ಟ. ನನ್ನ ಪಾದದಿಂದ ಗೇಣು ದೂರದಲ್ಲಿ ಬಿದ್ದು ಚೂರಾಯಿತು. ಕತ್ತಿನ ಪಟ್ಟಿ ಹಿಡಿದು ಅವನನ್ನು ಪೈಪಿಗೆ ಒತ್ತಿದೆ. ನಾನು ಇನ್ನೂ ಕೈ ಎತ್ತಿಯೇ ಇರಲಿಲ್ಲ, ಆಗಲೇ ಅವನು ಕಣ್ಣು ಮುಚ್ಚಿ ಕಾಯುತ್ತಿದ್ದ. ಯಾಕೋ ಬಿಟ್ಟುಬಿಟ್ಟೆ.

“ಯಾಕ್ ಸಾರ್, ಮೈ ಹುಷಾರಿಲ್ವಾ?” ಎಂದ. ಸುತ್ತ ನಿಂತವರೆಲ್ಲ ನಕ್ಕರು.

ಜೀಪಿನ ಮುಂದಿನ ಚಕ್ರಕ್ಕೆ ಬಲ ಕೊಡುವ ರಾಡಿನ ಬೋಲ್ಟೊಂದು ಕದಲುತ್ತಿರಲಿಲ್ಲ. ಮೊದಲಾದರೆ ಉಳಿ ಇಟ್ಟು ಕತ್ತರಿಸಿ ಎಸೆಯುತ್ತಿದ್ದೆ. ಇವತ್ತು ಬಿಸಿ ಮಾಡಿದೆ, ಡೀಸೆಲ್ ಬಿಟ್ಟೆ, ಪಕ್ಕದಲ್ಲಿ ಸುಮ್ಮನೆ ಕೂತೆ. ತಾನಾಗಿ ಸಡಿಲವಾಯಿತು. ವಯಸ್ಸಾಗುತ್ತಿದೆ, ಅಷ್ಟೇ.

ಆಗಸ್ಟ್ 3, ಭಾನುವಾರ

ಬಣ್ಣ ಹೊಡೆದೆವು. ಕಡು ಹಸಿರು. ದೊಡ್ಡ ಟೈರು, ಹೊಸ ದೀಪ, ಹೊಸ ಟಾಪು. ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಮುಂದಿನ ಭಾನುವಾರ ಗಣಿಯ ಏರು ಹತ್ತಿಸುವುದೆಂದು ನಿಶ್ಚಯವಾಯಿತು.

ಹೆಂಡತಿ ಪಕ್ಕದಲ್ಲಿ ಕೂತು ಬ್ರಷ್ ತೊಳೆದುಕೊಟ್ಟಳು. ಟ್ಯಾಂಕ್ ತುಂಬಿಸಿದರೆ ಎಷ್ಟು ದೂರ ಹೋಗುತ್ತದೆ, ಏರಿನ ನಡುವೆ ನಿಂತರೆ ಏನು ಮಾಡಬೇಕು, ಹಿಂದೆ ಎಷ್ಟು ಸಾಮಾನು ಹಿಡಿಸುತ್ತದೆ ಎಂದೆಲ್ಲ ಕೇಳಿದಳು. ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಮದುವೆಯಾದಾಗಿನಿಂದ ನಾವು ಇಷ್ಟು ಹೊತ್ತು ಜಗಳವಿಲ್ಲದೆ ಮಾತಾಡಿದ್ದೇ ಇಲ್ಲ. ಅವಳ ಕೆನ್ನೆಗೆ ಬಣ್ಣ ಮೆತ್ತಿತ್ತು. ಒರೆಸಲು ಕೈ ಚಾಚಿದೆ, ತಲೆಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಪೇಂಟಿನ ವಾಸನೆಗೆ ಇರಬೇಕು.

ಇನ್ನೊಂದು ವಾರ. ಆಮೇಲೆ ಅವಳು ಇಲ್ಲೇ. ಸಂತೋಷಕ್ಕೆ ನಿದ್ದೆ ಬರುವುದಿಲ್ಲವೇನೋ.

ಆಗಸ್ಟ್ 10, ಭಾನುವಾರ

ಹತ್ತಿತು. ಮೊದಲು ಅದನ್ನೇ ಬರೆಯುತ್ತೇನೆ.

ನಾನೇ ಓಡಿಸಿದೆ, ಪಕ್ಕದಲ್ಲಿ ಭಾವಮೈದ. ಕಲ್ಲುಗಣಿಯ ಏರಿನಲ್ಲಿ ಜಲ್ಲಿ ಜಾರುತ್ತದೆ, ಮೇಲೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ನಾಲ್ಕೂ ಚಕ್ರ ಕಚ್ಚಿ ಹಿಡಿದವು. ಮೇಲೆ ತಲುಪಿ ಕೂಗಿಕೊಂಡೆ. ಮನೆಗೆ ಬಂದು ಹಾರನ್ ಒತ್ತಿ ಎಲ್ಲರನ್ನೂ ಹೊರಗೆ ಕರೆದೆ. “ಮುಗೀತು! ಜೀಪೂ ಹತ್ತಿತು, ಕೈಯೂ ಎತ್ತಲಿಲ್ಲ!”

ಹೆಂಡತಿ ಶೆಡ್ಡಿಗೆ ಹೋಗಿ ದೊಡ್ಡ ಸುತ್ತಿಗೆ ಹಿಡಿದು ಬಂದಳು. ಮಡ್‌ಗಾರ್ಡಿನ ಕಡೆ ಹೋಗುತ್ತಾಳೆ ಎಂದುಕೊಂಡೆ. ಸೀದಾ ಜೀಪಿನ ಮುಂದೆ ನಿಂತು ಬಾನೆಟ್ಟಿನ ಮೇಲೆ ಬೀಸಿದಳು. ನನ್ನ ಹಸಿರು ಬಣ್ಣ ಸಿಡಿಯಿತು.

“ಇದು ಉಪ್ಪು ಜಾಸ್ತಿ ಆಗಿದ್ದಕ್ಕೆ.”

ಇನ್ನೊಂದು. “ಇದು ಫೋನ್ ಎತ್ತದೇ ಇದ್ದಿದ್ದಕ್ಕೆ.”

ಹೊಸ ದೀಪ ಒಡೆಯಿತು. “ಇದು ತಮ್ಮನ ಮನೇಲಿ ಒಂದಿನ ಜಾಸ್ತಿ ಉಳ್ಕೊಂಡಿದ್ದಕ್ಕೆ.” ಮುಂದಿನ ಗಾಜು ಬಲೆಯಾಗಿ ಬಿರಿಯಿತು. “ಇದು ಯಾತಕ್ಕೂ ಅಲ್ಲ. ಯಾತಕ್ಕೂ ಅಲ್ಲದೆ ಹೊಡೆದದ್ದಕ್ಕೆ.”

ಎರಡು ತಿಂಗಳ ದುಡಿಮೆ! ಜೀಪಿನೊಳಗಿನ ಚಕ್ರದ ಸ್ಪ್ಯಾನರ್ ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಅವಳ ತಲೆ ಒಡೆದುಬಿಡಬೇಕು ಅನ್ನಿಸಿತು, ಸುಳ್ಳು ಯಾಕೆ ಬರೆಯಲಿ. ಭಾವಮೈದ ಜಾಕಿಯ ರಾಡ್ ಎತ್ತಿಕೊಂಡು ಮುಂದೆ ಬಂದ. ಅವಳು ಅವನನ್ನೂ ಪಕ್ಕಕ್ಕೆ ತಳ್ಳಿ ನನ್ನ ಎದುರಿಗೆ ನಿಂತಳು.

“ಹೊಡಿ,” ಎಂದಳು. ಯಾವತ್ತೂ ನೀವು, ರೀ ಎನ್ನುತ್ತಿದ್ದವಳು. “ಕೈಲಿ ಇದೆಯಲ್ಲ, ಹೊಡಿ ಈಗ.”

ಕಣ್ಣು ಮುಚ್ಚಲಿಲ್ಲ. ಎವೆಯನ್ನೂ ಮಿಟುಕಿಸಲಿಲ್ಲ.

ಸ್ಪ್ಯಾನರನ್ನು ಕೆಳಗೆ ಹಾಕಿದೆ. ಕೈ ಆದರೂ ಸುಮ್ಮನಿರಲಿಲ್ಲ, ಮೇಲೇಳಲು ನೋಡುತ್ತಿತ್ತು. ನನ್ನ ಮಣಿಕಟ್ಟನ್ನು ನಾನೇ ಕಚ್ಚಿ ಹಿಡಿದೆ, ರಕ್ತ ಬರುವ ತನಕ. “ಎತ್ತಲಿಲ್ಲ ಕಣೇ,” ಎಂದೆ. “ನೋಡು, ಈಗಲೂ ಎತ್ತಲಿಲ್ಲ. ಮಾತು ಉಳಿಸ್ಕೊಂಡಿದೀನಿ.”

“ಹೌದು, ಎತ್ತಲಿಲ್ಲ,” ಎಂದಳು. ಏದುಸಿರು ಬಿಡುತ್ತಿದ್ದಳು. “ಆದ್ರೆ ನಾನು ದಿನಾ ಕಾದೆ. ಇವತ್ತು ಎತ್ತುತ್ತಾರಾ, ನಾಳೆ ಎತ್ತುತ್ತಾರಾ ಅಂತ. ಊಟಕ್ಕೆ ಬಡಿಸ್ತಾ ಕಾದೆ, ಬಟ್ಟೆ ಮಡಿಸ್ತಾ ಕಾದೆ. ಅಲ್ಲಿ ತಗಡಿನ ಸದ್ದು ಕೇಳಿದಾಗೆಲ್ಲ ಅದು ನಾನೇ ಅಂತ ಗೊತ್ತಿತ್ತು. ನಂಗೆ ಕಾಯೋದು ಸಾಕಾಗಿದೆ.”

ಸುತ್ತಿಗೆಯನ್ನು ಹಿಂದಿನ ಸೀಟಿಗೆ ಎಸೆದು ಓಡಿಸುವ ಜಾಗದಲ್ಲಿ ಕೂತಳು. ಭಾವಮೈದ ಒಳಗಿನಿಂದ ಎರಡು ಚೀಲ ತಂದ. ಯಾವಾಗ ಕಟ್ಟಿಟ್ಟಿದ್ದಳೋ. ಅವನ ಹಿಂದೆ ಅಮ್ಮ ಊರುಗೋಲು ಕುಟ್ಟುತ್ತಾ ಬಂದಳು, ತಡೆಯುವುದಕ್ಕೆ ಎಂದುಕೊಂಡೆ. “ನೀನಾದ್ರೂ ಹೇಳಮ್ಮ,” ಎಂದೆ.

“ನಿಮ್ಮಪ್ಪನ ಹತ್ರ ಇದ್ದೆ. ನಿನ್ನ ಹತ್ರಾನೂ ಇದ್ದೆ,” ಎಂದಳು ಅಮ್ಮ. “ಸಾಕು ಮಗಾ.”

ಭಾವಮೈದ ಅಮ್ಮನನ್ನು ಎತ್ತಿ ಹಿಂದೆ ಕೂರಿಸಿದ. ಜೀಪು ಕುಪ್ಪಳಿಸಲಿಲ್ಲ, ಆಫ್ ಆಗಲಿಲ್ಲ. ಹೆಂಡತಿ ಕ್ಲಚ್ಚನ್ನು ನಯವಾಗಿ ಬಿಟ್ಟಳು. ನಾನು ಗೇಟು ಹಿಡಿದುಕೊಂಡು ಅತ್ತೆ. ದಾರಿಯಲ್ಲಿ ಹೋಗುವವರು ನೋಡಿದರೂ ಅತ್ತೆ.

ಆಗಸ್ಟ್ 16, ಶನಿವಾರ

ಕೆಲಸವಿಲ್ಲ. ಶೆಡ್ಡಿನಲ್ಲಿ ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಇದೆ.

ಚಹಾ ಮಾಡಲು ಹೋಗಿ ಕುದಿಯುವ ನೀರು ಕಾಲಿನ ಮೇಲೆ ಚೆಲ್ಲಿಕೊಂಡೆ. ಕೈ ತಾನಾಗಿ ಮೇಲೆದ್ದಿತು, ತಿರುಗಿ ನೋಡಿದೆ. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಎತ್ತಿದ ಕೈ ಹಾಗೇ ಇತ್ತು. ಇಳಿಸುವುದು ಮರೆತು ಅದನ್ನೇ ನೋಡುತ್ತಾ ನಿಂತೆ.

ಎಷ್ಟು ದೊಡ್ಡ ಕೈ ಅದು.